ಆರು ಬಾರ್, ಮೂವತ್ತಾರು ತುಂಡು: ಮೂರು ಮೇಜಿನ ಫ್ರೇಮಿಗೆ ಚೌಕ ಪೈಪು ಕತ್ತರಿಸುವ ಲೆಕ್ಕ

ಕೆಲಸ ಇಷ್ಟೇ: ವರ್ಕ್‌ಶಾಪಿಗೆ ಒಂದೇ ಅಳತೆಯ ಮೂರು ಮೇಜು. ಉದ್ದ 1500, ಅಗಲ 700, ಹಲಗೆ ಬಿಟ್ಟು ಎತ್ತರ 850. ಎಲ್ಲ ಅಳತೆಯೂ ಮಿ.ಮೀ.ನಲ್ಲಿ. ಸರಕು 40×40×2 ಚೌಕ ಪೈಪು (ಹೊರಗಿನ ಅಗಲ 40, ಗೋಡೆಯ ದಪ್ಪ 2), 6 ಮೀಟರಿನ ಬಾರ್. ಮೀಟರಿಗೆ ಸುಮಾರು 2.3 ಕೆಜಿ, ಅಂದರೆ ಬಾರೊಂದಕ್ಕೆ 14 ಕೆಜಿಯ ಹತ್ತಿರ. ಮೂಲೆಗಳಲ್ಲಿ 45 ಡಿಗ್ರಿ ಜೋಡಣೆ ಇಲ್ಲ, ಎಲ್ಲವೂ ನೇರ ಕಟ್. ಮೇಲಿನ ಹಾಸು ಮರದ್ದು, ಅದು ಈ ಲೆಕ್ಕದಲ್ಲಿಲ್ಲ.

ಒಂದು ಮೇಜಿಗೆ ಬೇಕಾಗುವುದು: ಮೇಲಿನ ಚೌಕಟ್ಟಿನ ಉದ್ದಪಟ್ಟಿ 1500ರದು ಎರಡು. ಅವುಗಳ ನಡುವೆ ಕೂರುವ ಅಡ್ಡಪಟ್ಟಿ 620ರದು ಮೂರು, ಎರಡು ತುದಿಗೆ, ಒಂದು ಮಧ್ಯಕ್ಕೆ. ಕಾಲು 810ರದು ನಾಲ್ಕು. ಕಾಲುಗಳ ನಡುವೆ ಕೆಳಗಡೆ ಎರಡೂ ಪಕ್ಕಕ್ಕೆ ಮತ್ತೆ 620ರದು ಎರಡು, ಹಿಂಬದಿಗೆ 1420ರದು ಒಂದು. 620 ಬಂದದ್ದು 700ರಲ್ಲಿ ಎರಡು ಪೈಪಿನ ಅಗಲ ಕಳೆದು, 1420 ಬಂದದ್ದು 1500ರಲ್ಲಿ ಅದೇ 80 ಕಳೆದು, 810 ಬಂದದ್ದು 850ರಲ್ಲಿ ಮೇಲಿನ ಪೈಪಿನ 40 ಕಳೆದು. ಮೇಲಿನ ಅಡ್ಡಪಟ್ಟಿಗೂ ಕೆಳಗಿನದಕ್ಕೂ ಒಂದೇ ಅಳತೆ ಬಂದದ್ದು ಆಕಸ್ಮಿಕವಲ್ಲ. ಕಾಲುಗಳನ್ನು ಚೌಕಟ್ಟಿನ ಅಂಚಿಗೆ ಸರಿಯಾಗಿ ಕೂರಿಸಿದ್ದರಿಂದ ಹಾಗಾಯಿತು. ಕಾಲನ್ನು ಚೂರು ಒಳಗೆ ತಂದಿದ್ದರೆ ಕೆಳಗಿನ ಅಡ್ಡಪಟ್ಟಿಗೆ ಇನ್ನೊಂದು ಅಳತೆ ಹುಟ್ಟುತ್ತಿತ್ತು, ಸ್ಟಾಪರ್ (ಪೈಪಿನ ತುದಿ ತಾಗಿಸಿ ಅಳತೆ ಹಿಡಿಯುವ ತಡೆ) ಇನ್ನೊಂದು ಸಲ ಸರಿಸಬೇಕಾಗುತ್ತಿತ್ತು.

ಮೂರು ಮೇಜಿಗೆ ಒಟ್ಟು:

1500 — 6 ತುಂಡು
1420 — 3 ತುಂಡು
810 — 12 ತುಂಡು
620 — 15 ತುಂಡು

ಮೂವತ್ತಾರು ತುಂಡು, ಉದ್ದ ಕೂಡಿಸಿದರೆ 32280. ಇದನ್ನು 6000ರಿಂದ ಭಾಗಿಸಿ 5.38, ಆರು ಬಾರ್ ತಂದರೆ ಸಾಕು ಎಂದು ಹೊರಡುವವರೇ ಹೆಚ್ಚು. ಉತ್ತರ ಈ ಸಲ ಸರಿಯೇ. ಆದರೆ ಭಾಗಾಕಾರಕ್ಕೆ ತುಂಡುಗಳು ಬಾರಿನಲ್ಲಿ ಹೇಗೆ ಕೂರುತ್ತವೆ ಎಂಬುದು ಗೊತ್ತಿಲ್ಲ, ಡಿಸ್ಕ್ ತಿನ್ನುವುದೂ ಗೊತ್ತಿಲ್ಲ. 1500ರ ತುಂಡು 6000ರ ಬಾರಿನಲ್ಲಿ ನಾಲ್ಕು ಬರುತ್ತದೆ ಅನ್ನುವುದು ಕಾಗದದ ಮೇಲಿನ ಮಾತು. ಮೂರು ಕಟ್‌ಗೇ 9 ಮಿ.ಮೀ. ಹೋಗುತ್ತದೆ, ನಾಲ್ಕನೆಯದು 1491 ಆಗಿ ಕೈಗೆ ಬರುತ್ತದೆ. ಬಾರಿನ ತುದಿ ಸರಿಮಾಡಿದ್ದರೆ ಇನ್ನೂ ಕಮ್ಮಿ.

ಕೆರ್ಫ್ ಅಳೆಯುವುದು

ಡಿಸ್ಕ್ ತಿಂದುಹಾಕುವ ಅಗಲವೇ ಕೆರ್ಫ್. ಇಲ್ಲಿ ಬಳಸಿದ್ದು 355ರ ಅಬ್ರೇಸಿವ್ ಡಿಸ್ಕಿನ ಚಾಪ್ ಸಾ, ಅಂದರೆ ಉಜ್ಜಿ ಕತ್ತರಿಸುವ ಡಿಸ್ಕನ್ನು ಮೇಲಿಂದ ಇಳಿಸುವ ಗರಗಸ. ಡಿಸ್ಕಿನ ಮೇಲೆ ಅಚ್ಚಾದ ದಪ್ಪವನ್ನು ಕೆರ್ಫ್ ಎಂದುಕೊಳ್ಳಬಾರದು. ಡಿಸ್ಕ್ ತುಸು ಓಲಾಡುತ್ತದೆ, ಬಲವಾಗಿ ಒತ್ತಿದರೆ ಬಾಗುತ್ತದೆ, ತಿನ್ನುವ ಅಗಲ ದಪ್ಪಕ್ಕಿಂತ ಹೆಚ್ಚೇ ಇರುತ್ತದೆ. ಒಂದು ಕಟ್ ಮಾಡಿ ಅಳೆದರೆ ಟೇಪಿನ ತಪ್ಪೂ ಕೆರ್ಫಿನಲ್ಲೇ ಸೇರಿಹೋಗುತ್ತದೆ. ಆದ್ದರಿಂದ 300ರ ಒಂದು ಹಳೆಯ ತುಂಡನ್ನು ಐದು ಸಲ ಕತ್ತರಿಸಿ, ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು ಲೋಹ) ತೆಗೆದು, ಬಂದ ಆರು ಚೂರುಗಳನ್ನೂ ಕ್ಯಾಲಿಪರಿನಲ್ಲಿ ಅಳೆದು ಕೂಡಿಸುವುದು ಮೇಲು. ಮೊತ್ತ 285.9 ಬಂತು. ಕಳೆದುಹೋದ 14.1ನ್ನು ಐದರಿಂದ ಭಾಗಿಸಿದರೆ 2.82. ಪ್ಲಾನಿಗೆ 3 ಎಂದು ಹಿಡಿದದ್ದು.

ಬ್ಯಾಂಡ್ ಸಾ ಇದ್ದರೆ ಇದು ಒಂದೂವರೆಯ ಆಸುಪಾಸಿಗೆ ಇಳಿಯುತ್ತದೆ, ಕೋಲ್ಡ್ ಸಾ ಆದರೆ ಎರಡೂವರೆಯ ಹತ್ತಿರ. ಕೈ ಗ್ರೈಂಡರಿಗೆ 1 ಮಿ.ಮೀ. ಡಿಸ್ಕ್ ಹಾಕಿ ಕೆರ್ಫ್ ಉಳಿಸುತ್ತೇವೆ ಎನ್ನುವವರಿದ್ದಾರೆ. ಕೆರ್ಫ್ ಉಳಿಯುತ್ತದೆ ನಿಜ, ಕಟ್ ಮಾತ್ರ ಡೊಂಕಾಗುತ್ತದೆ. ಆ ಡೊಂಕು ತಿದ್ದುವುದಕ್ಕೆ ಉಜ್ಜುವಷ್ಟರಲ್ಲಿ ಉಳಿಸಿದ ಎರಡು ಮಿ.ಮೀ. ಪುಡಿಯಾಗಿ ನೆಲಕ್ಕೆ ಬಿದ್ದಿರುತ್ತದೆ.

ಬಾರಿನ ತುದಿಯನ್ನೂ ನಂಬುವಂತಿಲ್ಲ. ಕಾರ್ಖಾನೆಯ ಕಟ್ ಓರೆಯಾಗಿರಬಹುದು, ಇಳಿಸುವಾಗ ನೆಲಕ್ಕೆ ಬಡಿದು ಮೂಲೆ ಚಪ್ಪಟೆಯಾಗಿರಬಹುದು. ಒಂದು ತುದಿಗೆ, ಆ ಕಟ್‌ನ ಕೆರ್ಫೂ ಸೇರಿ, 10 ಮಿ.ಮೀ. ಕಳೆದದ್ದು. ಇನ್ನೊಂದು ತುದಿಗೆ ಪ್ರತ್ಯೇಕವಾಗಿ ಕಳೆಯಬೇಕಿಲ್ಲ, ಅದು ಹೇಗೂ ಕೊನೆಯ ಚೂರಿನಲ್ಲಿ ಹೋಗುತ್ತದೆ. ಹೀಗೆ ಬಾರ್ 5990 ಆಯಿತು, ಪ್ರತಿ ತುಂಡೂ ತನ್ನ ಉದ್ದಕ್ಕೆ 3 ಸೇರಿಸಿಕೊಂಡು 1503, 1423, 813, 623 ಆಯಿತು. ಇನ್ನು ಮುಂದೆ ಲೆಕ್ಕವೆಲ್ಲ ಈ ನಾಲ್ಕು ಸಂಖ್ಯೆಗಳಲ್ಲೇ. ಕೆರ್ಫನ್ನು ಬಾರಿಗೊಮ್ಮೆ ಅಂದಾಜಿನಲ್ಲಿ ಕಳೆಯುವುದಕ್ಕಿಂತ ತುಂಡಿಗೇ ಅಂಟಿಸಿಬಿಟ್ಟರೆ ಮರೆಯುವ ಮಾತೇ ಇರುವುದಿಲ್ಲ.

ಒಟ್ಟು 32388. ಅದನ್ನು 5990ರಿಂದ ಭಾಗಿಸಿದರೆ 5.41. ಅಂದರೆ ಎಷ್ಟೇ ಜಾಣತನ ಮಾಡಿದರೂ ಐದು ಬಾರಿನಲ್ಲಿ ಇದು ಮುಗಿಯದು. ಈ ತಳಮಿತಿಯನ್ನು ಮೊದಲೇ ಹಾಕಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಆರರ ಪ್ಲಾನ್ ಕೈಯಲ್ಲಿದ್ದೂ ಐದನ್ನು ಹುಡುಕುತ್ತ ಅರ್ಧ ದಿನ ಹೋಗುತ್ತದೆ. ಮೇಜನ್ನು 1490ಕ್ಕೆ ಇಳಿಸಿದರೆ ಒಂದು ಬಾರಿನಲ್ಲಿ ನಾಲ್ಕು ಉದ್ದಪಟ್ಟಿ ಬರುತ್ತವೆ (4×1493 = 5972, ಉಳಿಕೆ 18). ಉದ್ದಪಟ್ಟಿಯೇ ಹೆಚ್ಚಿರುವ ಕೆಲಸದಲ್ಲಿ ಈ 10 ಮಿ.ಮೀ. ಬಿಟ್ಟುಕೊಡುವುದು ದೊಡ್ಡ ಲಾಭ. ಇಲ್ಲಿ ಎಲ್ಲ ಸೇರಿ ಉಳಿಯುವುದು 90 ಮಿ.ಮೀ. ಅಷ್ಟೆ, ಆರು ಆರೇ ಆಗಿರುತ್ತದೆ. ಹಾಗಾಗಿ ಡ್ರಾಯಿಂಗ್ ಮುಟ್ಟಲಿಲ್ಲ.

ಪಟ್ಟಿಯ ಕ್ರಮದಲ್ಲೇ ಕತ್ತರಿಸಿದರೆ

ಮೊದಲು 1500 ಮುಗಿಸು, ಆಮೇಲೆ 1420, ಆಮೇಲೆ ಕಾಲು, ಕೊನೆಗೆ ಅಡ್ಡಪಟ್ಟಿ. ಸಾಲದಿದ್ದಾಗ ಹೊಸ ಬಾರ್ ತೆಗೆ. ಬಹಳ ಕಡೆ ನಡೆಯುವುದು ಹೀಗೆಯೇ. ಲೆಕ್ಕ ಹಾಕಿದರೆ ಏಳನೆಯ ಬಾರಿಗೂ ಕೈ ಹಾಕಬೇಕಾಗುತ್ತದೆ. ಉಳಿಕೆಗಳು: 1481, 1481, 95, 299, 436, 383, ಮತ್ತು ಏಳನೆಯದರಲ್ಲಿ 5367. ಒಂದು ಬಾರ್ ಪೂರ್ತಿ ದಂಡವಾಯಿತು ಎಂದು ಇದನ್ನು ದೂರುವುದು ಸರಿಯಲ್ಲ, 5367 ಮುಂದಿನ ಕೆಲಸಕ್ಕೆ ಬರುವ ಮಾಲೇ. ಕೆಟ್ಟದ್ದು ಆ ಎರಡು 1481. ಅವುಗಳೊಳಗೆ 1420 ಒಂದೊಂದು ಕೂರುತ್ತಿತ್ತು. ಹೊಸ ಬಾರಿನಿಂದ 1420 ಕತ್ತರಿಸುವಾಗ ಇವು ಗೋಡೆಗೆ ಒರಗಿ ನಿಂತಿದ್ದವು, ಯಾರೂ ನೋಡಲಿಲ್ಲ.

ಎರಡನೆಯ ದಾರಿ: ಉದ್ದದ್ದು ಮೊದಲು, ಪ್ರತಿ ತುಂಡನ್ನೂ ಅದು ಹಿಡಿಸುವ ಮೊದಲ ಬಾರಿಗೆ ಹಾಕುವುದು. ಕಾಗದದಲ್ಲಿ ಐದು ನಿಮಿಷದ ಕೆಲಸ, ಸುಮಾರು ಕೆಲಸಗಳಿಗೆ ಇದಿಷ್ಟೇ ಸಾಕು. ಇಲ್ಲೂ ಆರೇ ಬಾರ್ ಬರುತ್ತದೆ. ಉಳಿಕೆಗಳು 58, 58, 502, 299, 383, 2252.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 502, 299, 383 ಎಂಬ ಈ ಮೂರು ಚೂರುಗಳನ್ನು ನೋಡಿ. ಒಂದರಲ್ಲೂ 620 ಬರದು. ಗುಜರಿಗೆ ಹಾಕಲು ಮನಸ್ಸು ಬಾರದು, ಇಟ್ಟುಕೊಂಡರೆ ಉಪಯೋಗವಿಲ್ಲ. ಮೂಲೆಯಲ್ಲಿ ಬೆಳೆಯುವ ರಾಶಿ ಇಂಥವುಗಳದ್ದೇ. ಬಾರಿನ ಸಂಖ್ಯೆ ಕಡಿಮೆಯಾಗದಿದ್ದರೂ, ಈ ಸಣ್ಣ ಉಳಿಕೆಗಳನ್ನೆಲ್ಲ ಹಿಂಡಿ ಒಂದೇ ಬಾರಿನ ಕೊನೆಗೆ ತಳ್ಳಬಹುದು. ಪ್ಲಾನಿನ ನಿಜವಾದ ಕೆಲಸ ಅದು.

ಜೋಡಿಗಳ ಕೋಷ್ಟಕ

1500ರ ವಿಷಯ ಸುಲಭ. ಮೂರು 1500, ಜೊತೆಗೆ ಒಂದು 1420: 4509 + 1423 = 5932, ಉಳಿಕೆ 58. ಇಂಥ ಎರಡು ಬಾರ್. ಆರೂ ಉದ್ದಪಟ್ಟಿ ಮುಗಿದವು, 1420ರಲ್ಲಿ ಒಂದು ಉಳಿಯಿತು.

ಇನ್ನು 810 ಮತ್ತು 620. ಎರಡೇ ಅಳತೆ ಇರುವಾಗ ಊಹಿಸಬೇಕಾಗಿಲ್ಲ, ಎಲ್ಲ ಜೋಡಿಗಳನ್ನೂ ಬರೆದುಬಿಡಬಹುದು. 810 ಎಷ್ಟು ಎಂದು ಹಿಡಿದು, ಉಳಿದ ಜಾಗದಲ್ಲಿ 620 ಎಷ್ಟು ಬರುತ್ತದೆ, ಕೊನೆಗೆ ಎಷ್ಟು ಉಳಿಯುತ್ತದೆ:

810 ಸೊನ್ನೆ, 620 ಒಂಬತ್ತು — ಉಳಿಕೆ 383
810 ಒಂದು, 620 ಎಂಟು — 193
810 ಎರಡು, 620 ಏಳು — 3
810 ಮೂರು, 620 ಐದು — 436
810 ನಾಲ್ಕು, 620 ನಾಲ್ಕು — 246
810 ಐದು, 620 ಮೂರು — 56
810 ಆರು, 620 ಒಂದು — 489
810 ಏಳು, 620 ಸೊನ್ನೆ — 299

ಮೇಲಿನ ಎರಡನೆಯ ದಾರಿ ಹಿಡಿದದ್ದು ಮೊದಲನೆಯ ಸಾಲನ್ನೂ ಕೊನೆಯ ಸಾಲನ್ನೂ. ಒಂದೇ ಅಳತೆಯಿಂದ ಬಾರ್ ತುಂಬಿಸುವುದು ಕೈಗೆ ಸುಲಭ, ಸರಕಿಗೆ ನಷ್ಟ. ಕಣ್ಣಿಗೆ ಬೀಳಬೇಕಾದವು 3 ಮತ್ತು 56.

3ರ ಸಾಲು ನೋಡಲು ಚಂದ. ಅದನ್ನು ಮುಟ್ಟಬಾರದು. ಒಂಬತ್ತು ತುಂಡುಗಳ ಆ ಬಾರಿನಲ್ಲಿ ಕೆರ್ಫ್ ಕಟ್‌ಗೆ 0.4 ಹೆಚ್ಚಾದರೆ ಸಾಕು, ಕೊನೆಯ ಕಟ್‌ಗೆ ಪೂರ್ತಿ ಜಾಗ ಸಿಗುವುದಿಲ್ಲ. ಹೆಚ್ಚಾಗದಿದ್ದರೂ ಆ ತುಂಡಿನ ತುದಿಗೆ ಕಾರ್ಖಾನೆಯ ಓರೆ ಕಟ್ಟೇ ಉಳಿದಿರಬಹುದು. ಉಳಿಕೆ 10ಕ್ಕಿಂತ ಕಡಿಮೆ ತೋರಿಸುವ ಯಾವ ಸಾಲನ್ನೂ ಪ್ಲಾನಿಗೆ ಸೇರಿಸದಿರುವುದು ಒಳ್ಳೆಯ ನಿಯಮ. ಕಂಪ್ಯೂಟರ್ ಪ್ರೋಗ್ರಾಮ್‌ಗಳು ಇಂಥ ಸಾಲನ್ನೇ ಮೊದಲು ಹುಡುಕಿ ಕೊಡುತ್ತವೆ, ಅವಕ್ಕೆ ಡಿಸ್ಕ್ ಓಲಾಡುವುದು ಗೊತ್ತಿಲ್ಲ.

ಉಳಿದ ಒಂದು 1420ನ್ನು ಸೇರಿಸಿಕೊಂಡು ಇನ್ನೊಂದು ಕೋಷ್ಟಕ. 5990ರಲ್ಲಿ 1423 ಹೋಗಿ 4567:

810 ಸೊನ್ನೆ, 620 ಏಳು — 206
810 ಒಂದು, 620 ಆರು — 16
810 ಎರಡು, 620 ನಾಲ್ಕು — 449
810 ಮೂರು, 620 ಮೂರು — 259
810 ನಾಲ್ಕು, 620 ಎರಡು — 69
810 ಐದು, 620 ಸೊನ್ನೆ — 502

16 ಇದ್ದಲ್ಲಿ ಹುಷಾರಾಗಿ ನಿಭಾಯಿಸಬಹುದು. ಹಾಗಾಗಿ ಪ್ಲಾನ್:

ಬಾರ್ 1 — 1500×3, 1420×1 — ಉಳಿಕೆ 58
ಬಾರ್ 2 — 1500×3, 1420×1 — ಉಳಿಕೆ 58
ಬಾರ್ 3 — 810×5, 620×3 — ಉಳಿಕೆ 56
ಬಾರ್ 4 — 810×5, 620×3 — ಉಳಿಕೆ 56
ಬಾರ್ 5 — 1420×1, 810×1, 620×6 — ಉಳಿಕೆ 16
ಬಾರ್ 6 — 810×1, 620×3 — ಉಳಿಕೆ 3308

ಪ್ಲಾನ್ ಬರೆದಾದ ಮೇಲೆ ಎರಡು ತಾಳೆ ನೋಡಬೇಕು. ಒಂದು, ಕಂಬಸಾಲಿನಲ್ಲಿ ತುಂಡುಗಳ ಎಣಿಕೆ: 1500 ಆರು, 1420 ಮೂರು, 810 ಹನ್ನೆರಡು, 620 ಹದಿನೈದು. ಇನ್ನೊಂದು, ಉದ್ದದ ಎಣಿಕೆ: ತುಂಡು 32280, ಕೆರ್ಫ್ 36×3 = 108, ತುದಿ 6×10 = 60, ಸಣ್ಣ ಚೂರು 244, ದೊಡ್ಡ ಉಳಿಕೆ 3308. ಕೂಡಿಸಿದರೆ ಸರಿಯಾಗಿ 36000. ಒಂದು ಮಿ.ಮೀ. ವ್ಯತ್ಯಾಸ ಬಂದರೂ ಎಲ್ಲೋ ಒಂದು ಸಾಲು ತಪ್ಪಿದೆ ಎಂದೇ ಅರ್ಥ.

ನಿಜಕ್ಕೂ ಹಾಳಾದದ್ದು 412, ಅಂದರೆ ನೂರಕ್ಕೆ 1.2ಕ್ಕಿಂತ ಕಡಿಮೆ. ಇದೇ ಆರು ಬಾರಿನ ಎರಡನೆಯ ದಾರಿಯಲ್ಲಿ ಕೈಗೆ ಸಿಗುವ ಉಳಿಕೆ 2252, ಇಲ್ಲಿ 3308.

ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ ಪ್ರತಿ ಸಾಲಿಗೆ ಒಂದು ಜೋಡಿ, ಪ್ರತಿ ಕಂಬಕ್ಕೆ ಒಂದು ಅಳತೆ, ಪಕ್ಕದಲ್ಲಿ ಆ ಸಾಲನ್ನು ಎಷ್ಟು ಸಲ ಬಳಸಿದೆ ಎಂಬ ಅಂಕಿ. ತುಂಡಿನ ಎಣಿಕೆಯನ್ನು ಸಂಪ್ರಾಡಕ್ಟ್ (SUMPRODUCT, ಎರಡು ಕಂಬಗಳನ್ನು ಗುಣಿಸಿ ಕೂಡಿಸುವುದು) ಸೂತ್ರ ತಾನೇ ಕೂಡಿಸಿಕೊಡುತ್ತದೆ. ನಾಲ್ಕೈದು ಅಳತೆಯವರೆಗೆ ಕೈಯಲ್ಲೇ ಆಗುತ್ತದೆ; ಹತ್ತು ದಾಟಿದರೆ ಜೋಡಿಗಳ ಸಂಖ್ಯೆ ಕೈಮೀರುತ್ತದೆ, ಆಗ ಪ್ರೋಗ್ರಾಮೇ ಬೇಕು. ಕತ್ತರಿಸುವುದರಲ್ಲಿ ಹಾಳು ತಗ್ಗಿಸುವ ಈ ಸಮಸ್ಯೆಯನ್ನು 1939ರಲ್ಲೇ ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಗಣಿತದ ರೂಪಕ್ಕೆ ತಂದಿದ್ದರು. ಎಲ್ಲ ಜೋಡಿಗಳನ್ನೂ ಬರೆಯದೆ, ಬೇಕಾದ ಜೋಡಿಯನ್ನು ಮಾತ್ರ ಆಗಾಗ ಹುಟ್ಟಿಸಿಕೊಳ್ಳುವ ದಾರಿಯನ್ನು 1961ರಲ್ಲಿ ಗಿಲ್ಮೋರ್ ಮತ್ತು ಗೋಮೊರಿ ತೋರಿಸಿದರು. ಇಂದಿನ ಹಲವು ಕಟಿಂಗ್ ಪ್ರೋಗ್ರಾಮ್‌ಗಳ ಬೇರು ಅಲ್ಲಿದೆ.

ಬಾರ್ ಅಳೆದು ಹೆಸರಿಡುವುದು

6 ಮೀಟರ್ ಎಂದು ಬಂದ ಬಾರ್ 6 ಮೀಟರೇ ಇರುವುದು ಅಪರೂಪ. ಆರನ್ನೂ ನೆಲಕ್ಕೆ ಮಲಗಿಸಿ, ಒಂದು ತುದಿಯನ್ನು ಗೋಡೆಗೆ ತಾಗಿಸಿ ಅಳೆದಾಗ ಬಂದದ್ದು: 6008, 6003, 5996, 6011, 6001, 5979. ಬಿಗಿಯಾದ ಬಾರ್ 5ಕ್ಕೆ 6011ರದ್ದನ್ನು ಕೊಟ್ಟರೆ ಅಲ್ಲಿ ಉಳಿಕೆ 16ರ ಬದಲು 27. ಗಿಡ್ಡಾದ 5979 ಬಾರ್ 6ಕ್ಕೆ. ಅಲ್ಲಿ ಮೂರು ಮೀಟರಿಗಿಂತ ಹೆಚ್ಚು ಉಳಿಯುವುದರಿಂದ 21 ಕಮ್ಮಿಯಾದರೂ ಬಾಧೆಯಿಲ್ಲ. ಉಳಿದ ನಾಲ್ಕು ಯಾವ ಕ್ರಮದಲ್ಲಾದರೂ ಸರಿ. ಬಾರಿನ ಎರಡೂ ತುದಿಗೆ ಪೇಂಟ್ ಮಾರ್ಕರಿನಲ್ಲಿ ಸಂಖ್ಯೆ ಬರೆಯಬೇಕು. ಒಂದೇ ತುದಿಗೆ ಬರೆದರೆ ಮೊದಲ ಕಟ್‌ನಲ್ಲೇ ಅದು ಹಾರಿಹೋಗುತ್ತದೆ.

ಎಲ್ಲ ಬಾರೂ 6000ಕ್ಕಿಂತ ಕಮ್ಮಿ ಬಂದಿದ್ದರೆ? ಆಗ ಇನ್ನೊಂದು ಪ್ಲಾನ್ ಇದೆ. ಬಾರ್ 1, 2 ಹಾಗೆಯೇ. ಮೂರನೆಯದು 1420×1, 810×4, 620×2 (69). ನಾಲ್ಕನೆಯದು 810×5, 620×3 (56). ಐದನೆಯದು 810×1, 620×8 (193). ಆರನೆಯದು 810×2, 620×2, ಉಳಿಕೆ 3118. ಎಲ್ಲ ಬಾರಿನಲ್ಲೂ ಕನಿಷ್ಠ 56ರ ಸಡಿಲ, ದೊಡ್ಡ ಉಳಿಕೆಯಲ್ಲಿ 190 ನಷ್ಟ. ಅಳೆಯಲು ಸಮಯವಿಲ್ಲ, ಕತ್ತರಿಸುವವರು ಬೇರೆ, ಬರೆದವರು ಬೇರೆ ಎಂಬ ಸ್ಥಿತಿಯಲ್ಲಿ ಈ ಎರಡನೆಯ ಪ್ಲಾನೇ ವಾಸಿ.

ಗೋಡೆಯ ದಪ್ಪವನ್ನೂ ಆಗಲೇ ನೋಡಿಬಿಡಬೇಕು. ಕಟ್ಟಿನ ನಡುವೆ 1.6ರ ಪೈಪು ಒಂದು ಸೇರಿಕೊಂಡಿದ್ದರೆ ಹೊರಗಿನಿಂದ ಕಾಣದು, ವೆಲ್ಡ್ ಮಾಡುವಾಗ ತೂತು ಬಿದ್ದ ಮೇಲಷ್ಟೇ ಗೊತ್ತಾಗುವುದು.

ಸ್ಟಾಪರ್ ಮತ್ತು ಕಟ್‌ನ ಕ್ರಮ

ತುಂಡು ಎಲ್ಲವನ್ನೂ ಬಾರಿನ ಮೇಲೆ ಒಮ್ಮೆಲೇ ಗುರುತು ಹಾಕಿ ಕತ್ತರಿಸತೊಡಗುವುದು ಹಳೆಯ ತಪ್ಪು. 620, 1240, 1860 ಎಂದು ಗೀಟು ಎಳೆದರೆ ಕೆರ್ಫ್ ಲೆಕ್ಕಕ್ಕೇ ಬರುವುದಿಲ್ಲ, ಮೊದಲನೆಯದು ಬಿಟ್ಟು ಎಲ್ಲವೂ 617 ಆಗುತ್ತವೆ. ಸೀಮೆಸುಣ್ಣದ ಗೀಟಂತೂ ತಾನೇ ಎರಡು ಮೂರು ಮಿ.ಮೀ. ಅಗಲ, ಹೆಚ್ಚುಕಮ್ಮಿ ಕೆರ್ಫಿನಷ್ಟೇ. ಡಿಸ್ಕ್ ಗೀಟಿನ ಯಾವ ಪಕ್ಕ ಇಳಿಯಬೇಕು ಎಂದು ಹೇಳುವವರಿಲ್ಲ. ಗೀಟು ಹಾಕಲೇಬೇಕಾದಲ್ಲಿ ಸ್ಕ್ರೈಬರಿನಲ್ಲಿ (ಲೋಹ ಗೀಚುವ ಚೂಪು ಮೊನೆ) ತೆಳುವಾಗಿ ಗೀಚಿ, ಬಿಸಾಡುವ ಬದಿಗೆ ಒಂದು ಗುಣಿಸು ಗುರುತು ಹಾಕಿದರೆ ಗೊಂದಲವಿಲ್ಲ.

ಸ್ಟಾಪರ್ ಇದ್ದರೆ ಇದಾವುದೂ ಬೇಡ. ಸಾ ಪಕ್ಕದ ರೋಲರ್ ಸ್ಟ್ಯಾಂಡಿಗೆ ಎರಡು ಮೀಟರಿನ ನೇರ ಆ್ಯಂಗಲ್ ಒಂದನ್ನು ಬಿಗಿದು, ಅದರ ಮೇಲೆ ಸರಿಯುವ ತುಂಡನ್ನು ಕ್ಲ್ಯಾಂಪ್ ಮಾಡಿದರೆ ಆಯಿತು. ಪೈಪಿನ ತುದಿಗೆ ತಾಗುವ ಮುಖ ಮೇಲ್ಭಾಗದಲ್ಲಿ ಮಾತ್ರ ಇರಲಿ, ಕೆಳಗೆ 10 ಮಿ.ಮೀ. ಕಿಂಡಿ ಬಿಡಿ. ಕಿಡಿಯ ಪುಡಿ, ಬರ್‌ನ ಚೂರು ಅಲ್ಲಿ ಕೂತರೆ ಪೈಪು ಸ್ಟಾಪರಿಗೆ ಪೂರ್ತಿ ತಾಗದೆ ತುಂಡು ಅಷ್ಟಕ್ಕೆ ಗಿಡ್ಡಾಗುತ್ತದೆ. ಹಿಂದಿನ ಕಟ್‌ನ ಬರ್ ತುದಿಯಲ್ಲೇ ಉಳಿದಿದ್ದರೂ ಅದೇ ಕಥೆ: ಅಳತೆ ಬರ್‌ನಿಂದ ಹಿಡಿಯುತ್ತದೆ, ಉಜ್ಜಿದ ಮೇಲೆ ತುಂಡು ಕಮ್ಮಿ. ಪ್ರತಿ ಕಟ್ ಆದ ಮೇಲೆ ಬಾರಿನ ತುದಿಗೆ ಎರಡು ಸಲ ಅರ ಎಳೆಯುವುದು ಅಭ್ಯಾಸವಾಗಬೇಕು.

ಇನ್ನೊಂದು ಅಪಾಯದ ವಿಷಯ. ತುಂಡು ಅತ್ತ ಸ್ಟಾಪರಿಗೂ ಇತ್ತ ಡಿಸ್ಕಿಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡರೆ, ಕಟ್ ಮುಗಿಯುವ ಗಳಿಗೆಯಲ್ಲಿ ಅದು ವಾಲಿ ಡಿಸ್ಕನ್ನು ಹಿಡಿಯುತ್ತದೆ. ಅಬ್ರೇಸಿವ್ ಡಿಸ್ಕ್ ಆಗ ಒಡೆಯಬಹುದು. ಪೈಪನ್ನು ಸ್ಟಾಪರಿಗೆ ತಾಗಿಸಿ, ವೈಸ್ ಬಿಗಿದು, ಸ್ಟಾಪರಿನ ಮುಖವನ್ನು ಮೇಲಕ್ಕೆ ಮಡಚಿ, ಆಮೇಲೆ ಸಾ ಇಳಿಸಬೇಕು. ಮಡಚುವ ಸೌಲಭ್ಯಕ್ಕೆ ಒಂದು ಹಳೆಯ ಬಾಗಿಲ ಕೀಲು ಸಾಕು, ಅದರಲ್ಲಿ ಅಲುಗಾಟ ಇರಬಾರದು ಅಷ್ಟೆ.

ಸ್ಟಾಪರನ್ನು ನಾಲ್ಕೇ ಸಲ ಕೂರಿಸುವುದು ಗುರಿ. 1500ಕ್ಕೆ ಇಟ್ಟು ಬಾರ್ 1, 2. 1420ಕ್ಕೆ ಇಟ್ಟು ಬಾರ್ 1, 2, 5. 810ಕ್ಕೆ ಬಾರ್ 3, 4, 5, 6. 620ಕ್ಕೆ ಮತ್ತೆ 3, 4, 5, 6. ಬಾರ್ 5 ಮೂರು ಸಲ ಸಾ ಹತ್ತಬೇಕಾಗುತ್ತದೆ, ಬೇಸರದ ಕೆಲಸ. ಆದರೆ ಹನ್ನೆರಡು ಕಾಲೂ ಒಂದೇ ಸೆಟಿಂಗಿನಲ್ಲಿ ಬಂದರೆ ಸ್ಟಾಪರ್ ಅರ್ಧ ಮಿ.ಮೀ. ತಪ್ಪಿದ್ದರೂ ಎಲ್ಲ ಕಾಲೂ ಒಂದೇ ತಪ್ಪಿನವು, ಮೇಜು ಕುಂಟುವುದಿಲ್ಲ. ಬಾರ್ ಒಂದೊಂದೇ ಮುಗಿಸುತ್ತ ಹೋದರೆ 810ಕ್ಕೆ ನಾಲ್ಕು ಸಲ ಸ್ಟಾಪರ್ ಕೂರಿಸಬೇಕು, ನಾಲ್ಕು ಬಗೆಯ ಕಾಲು ಸಿಗುತ್ತವೆ. ಸೆಟಿಂಗ್ ಬದಲಾದಾಗೆಲ್ಲ ಮೊದಲ ತುಂಡನ್ನು ಅಳೆದೇ ಮುಂದುವರಿಯಬೇಕು. ಅಳೆಯುವ ಟೇಪು ಮೊದಲಿಂದ ಕೊನೆವರೆಗೆ ಒಂದೇ ಇರಲಿ. ಕೊಕ್ಕೆ ಸಡಿಲವೆಂದು ಟೇಪನ್ನು 100ರಿಂದ ಹಿಡಿಯುವವರು ಆ 100ನ್ನು ಲೆಕ್ಕದಲ್ಲಿ ಮರೆತರೆ ತುಂಡು ಸರಿಯಾಗಿ 100 ಕಮ್ಮಿ ಬರುತ್ತದೆ. ಅಳತೆ ತಪ್ಪಿದ ತುಂಡು ಅಷ್ಟು ನಿಖರವಾಗಿ ತಪ್ಪಿದ್ದರೆ ಕಾರಣ ಹುಡುಕಬೇಕಾಗಿಲ್ಲ.

ಉದ್ದದ್ದು ಮೊದಲು ಎಂಬುದಕ್ಕೆ ಇನ್ನೊಂದು ಕಾರಣವಿದೆ. 1500 ಕೆಟ್ಟರೆ ಅದರಿಂದ 1420 ತೆಗೆಯಬಹುದು, ಇಲ್ಲವೇ ಒಂದು 810, ಒಂದು 620. ಕೆಟ್ಟ 620ರಿಂದ ಏನೂ ಹುಟ್ಟುವುದಿಲ್ಲ. ಬಾರ್ 6ನ್ನು ಯಾವಾಗಲೂ ಕಡೆಗೆ ಮುಟ್ಟಬೇಕು. ಅದರ 3.3 ಮೀಟರೇ ಇಡೀ ಕೆಲಸದ ವಿಮೆ, ಎಲ್ಲಿ ತಪ್ಪಿದರೂ ಅಲ್ಲಿಂದ ತುಂಬಿಕೊಳ್ಳಬಹುದು.

ಬಾರ್ 5ರ ಕೊನೆಯ ಕಟ್

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಐದು 620 ಹೋದ ಮೇಲೆ ಕೈಯಲ್ಲುಳಿದದ್ದು 650ಕ್ಕೂ ತುಸು ಹೆಚ್ಚಿನ ತುಂಡು. ಅದರಿಂದ 620 ತೆಗೆದರೆ ಆಚೆ ಉಳಿಯುವುದು 28ರ ಒಂದು ಚೂರು (ಕೆರ್ಫ್ 3ಕ್ಕಿಂತ ತುಸು ಕಮ್ಮಿ ಇರುವುದರಿಂದ ಲೆಕ್ಕದ 27ಕ್ಕಿಂತ ಒಂದು ಹೆಚ್ಚು). ವೈಸ್ ಎಂದಿನಂತೆ ಬಾರಿನ ಬದಿಯನ್ನೇ ಹಿಡಿಯಬೇಕೆಂದರೆ ಹಿಡಿಯಲು ಇರುವುದು ಆ 28 ಮಾತ್ರ. ವೈಸ್ ಅಷ್ಟು ಗಿಡ್ಡ ಚೂರನ್ನು ಹಿಡಿಯದು. ಹಿಡಿದಂತೆ ಕಂಡರೂ ಡಿಸ್ಕ್ ತಾಗಿದೊಡನೆ ತಿರುಗಿಬಿಡುತ್ತದೆ. ಆದ್ದರಿಂದ ಈ ಒಂದು ಕಟ್‌ಗೆ ತುಂಡನ್ನು ತಿರುಗಿಸಿಕೊಳ್ಳಬೇಕು: 620 ಆಗಬೇಕಾದ ಭಾಗವನ್ನೇ ವೈಸಿಗೆ ಕೊಟ್ಟು, ಕಾರ್ಖಾನೆಯ ತುದಿ ಹೊರಗೆ ಬೀಳುವಂತೆ. ಸ್ಟಾಪರ್ ಈಗ ತಪ್ಪು ಪಕ್ಕದಲ್ಲಿರುವುದರಿಂದ ಕೆಲಸಕ್ಕೆ ಬರದು. ಮೊದಲೇ ಕತ್ತರಿಸಿಟ್ಟ ಒಂದು 620ನ್ನು ಪಕ್ಕಕ್ಕಿಟ್ಟು, ಎರಡರ ಶುದ್ಧ ತುದಿಗಳನ್ನು ಚಪ್ಪಟೆ ತುಂಡೊಂದಕ್ಕೆ ತಾಗಿಸಿ ಸಮ ಮಾಡಿ, ಸ್ಕ್ರೈಬರಿನಲ್ಲಿ ಗುರುತು ಎಳೆದು, ಗುರುತಿನ ಹೊರಬದಿಗೆ ಡಿಸ್ಕ್ ಇಳಿಸಿದರೆ ಸರಿ. ಬಾರ್ ತಾನೇ ಮುಂದೆ ಸಾಗುವ ಬ್ಯಾಂಡ್ ಸಾಗಳಲ್ಲಿ ಹೀಗೆ ತಿರುಗಿಸಲಾಗದು. ಅಲ್ಲಿ ಯಂತ್ರದ ಕೈ ಹಿಡಿಯಲಾಗದ ಕೊನೆಯ ಉದ್ದವನ್ನು ಮೊದಲೇ ಬಾರಿನಿಂದ ಕಳೆದು ಪ್ಲಾನ್ ಹಾಕಬೇಕು. ಅಂಥ ಯಂತ್ರಕ್ಕೆ ಈ ಆರು ಸಾಲಿನ ಪ್ಲಾನ್ ಹೊಂದುವುದಿಲ್ಲ.

ನೇರ ಕಟ್ ಬದಲು 45 ಡಿಗ್ರಿ ಆಗಿದ್ದರೆ

ಓರೆ ಕಟ್ ಎಂದರೆ ಹೆಚ್ಚು ಹಾಳು ಎಂಬ ನಂಬಿಕೆ ಇದೆ. ಚೌಕ ಪೈಪಿನಲ್ಲಿ ಅದು ಉಲ್ಟಾ. ಹೊರಗಿನ ಉದ್ದ 1500, ಒಳಗಿನದು 1420 ಇರುವ ತುಂಡುಗಳನ್ನು ಒಂದು ಮೇಲೆ ಒಂದು ಕೆಳಗೆ ಮುಖ ಮಾಡಿ ಕೂರಿಸಿದರೆ ಒಂದೊಂದೂ ಬಾರಿನಲ್ಲಿ ಹಿಡಿಯುವುದು ಸರಾಸರಿ 1460 ಮಾತ್ರ. ಓರೆಯಲ್ಲಿ ಕೆರ್ಫ್ 3ರ ಬದಲು 4.2. ನಾಲ್ಕು ತುಂಡಿಗೆ 5840, ತುದಿಗಳ ಓರೆಗೆ 40, ಐದು ಕಟ್‌ಗೆ 21, ಒಟ್ಟು 5901. ನೇರ ಕಟ್‌ನಲ್ಲಿ ಹಿಡಿಸದ ನಾಲ್ಕು 1500 ಇಲ್ಲಿ ಆರಾಮಾಗಿ ಹಿಡಿಸುತ್ತವೆ. ಸಾ ತಲೆಯನ್ನು ಆಚೆ ಈಚೆ ತಿರುಗಿಸಬೇಕಾಗಿಲ್ಲ, ಪ್ರತಿ ಕಟ್ ಆದ ಮೇಲೆ ಬಾರನ್ನು ಅದರ ಅಕ್ಷದ ಮೇಲೆ ಅರ್ಧ ಸುತ್ತು ಹೊರಳಿಸಿದರೆ ಸಾಕು. ಅನನುಕೂಲವೂ ಇದೆ. ಪೈಪಿನ ಉದ್ದದ ಬೆಸುಗೆ ಗೆರೆ ಒಂದು ತುಂಡಿನಲ್ಲಿ ಒಳಗೆ ಬಂದರೆ ಮುಂದಿನದರಲ್ಲಿ ಹೊರಗೆ ಬರುತ್ತದೆ. ಸ್ಟಾಪರಿಗೆ ತಾಗುವುದು ಚೂಪಾದ 2 ಮಿ.ಮೀ. ತುದಿ, ಜೋರಾಗಿ ತಳ್ಳಿದರೆ ಅದು ಮಡಚುತ್ತದೆ.

ಹಾಸು ಮರದ್ದಲ್ಲ, ತಗಡಿನದು ಎಂದಿದ್ದರೆ ಪೈಪಿನಿಂದ ಶುರುಮಾಡುವುದೇ ತಪ್ಪು. 2500×1250ರ ತಗಡಿನಲ್ಲಿ 1500×700 ಒಂದೇ ಬರುತ್ತದೆ, ಉಳಿಯುವುದು 1500×550 ಮತ್ತು 1000×1250. ಮೇಜಿನ ಅಗಲ 620 ಮಾಡಿದರೆ ಅದೇ ತಗಡಿನಲ್ಲಿ ಎರಡು. ಪೈಪಿನಲ್ಲಿ ಉಳಿಸುವ ಎಲ್ಲ ಮಿ.ಮೀ.ಗಳೂ ಇದರ ಮುಂದೆ ಲೆಕ್ಕಕ್ಕಿಲ್ಲ. ಅಲ್ಲಿ ಅಡ್ಡಪಟ್ಟಿಯ ಅಳತೆ ತಗಡಿನಿಂದ ಹುಟ್ಟಬೇಕು.

ಉಳಿಕೆಗಳು

50ರಿಂದ 65ರೊಳಗಿನ ನಾಲ್ಕು ಚೂರುಗಳು ವೆಲ್ಡಿಂಗ್ ಶುರುವಾಗುವ ಮೊದಲೇ ಕೆಲಸಕ್ಕೆ ಬಂದವು. ಎರಡೆರಡು ಜೋಡಿಸಿ ಕರೆಂಟ್ ಪರೀಕ್ಷೆ, ಅದೇ ಪೈಪು, ಅದೇ ದಪ್ಪ. ಮೇಜಿನ ಮೇಲೆ ತೂತು ಬೀಳುವ ಬದಲು ಚೂರಿನ ಮೇಲೆ ಬಿತ್ತು. ಬಾರ್ 5ರ 28 ಗುಜರಿ ಡಬ್ಬಕ್ಕೆ.

ಏನನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಒಂದು ಗೆರೆ ಎಳೆಯದಿದ್ದರೆ ರ್‍ಯಾಕ್ ತುಂಬುತ್ತದೆ. ಈ ಪೈಪಿಗೆ ಗೆರೆ 650: ಅತಿ ಗಿಡ್ಡ ತುಂಡು 620, ಅದಕ್ಕೆ ಕೆರ್ಫ್ ಮತ್ತು ತುದಿ ಸೇರಿಸಿ ಚೂರು ಮೇಲೆ. 150ರಿಂದ 650ರವರೆಗಿನವು ಬೇರೆ ಡಬ್ಬಕ್ಕೆ, ಬ್ರ್ಯಾಕೆಟಿಗೋ ಜಿಗ್‌ಗೋ. ಅದಕ್ಕೂ ಕೆಳಗಿನದು ಗುಜರಿ, ಮರುಕ ಬೇಡ. ರ್‍ಯಾಕಿನಲ್ಲಿ ಎಲ್ಲ ಉಳಿಕೆಯ ಒಂದು ತುದಿ ಒಂದೇ ಗೆರೆಗೆ ಸಮವಾಗಿದ್ದರೆ ಯಾವುದು ಉದ್ದ, ಯಾವುದು ಗಿಡ್ಡ ಎಂದು ನಿಂತಲ್ಲೇ ಕಾಣುತ್ತದೆ. ಸರ್ಟಿಫಿಕೇಟ್ ಕೇಳುವ ಕೆಲಸವಾದರೆ ಬಾರಿನ ಮೇಲಿನ ಹೀಟ್ ನಂಬರನ್ನು (ಉಕ್ಕು ಯಾವ ಕರಗಿಸುವಿಕೆಯದು ಎಂದು ತಿಳಿಸುವ ಸಂಖ್ಯೆ) ಕತ್ತರಿಸುವ ಮೊದಲೇ ಉಳಿಯುವ ಭಾಗಕ್ಕೆ ನಕಲು ಮಾಡಬೇಕು. ನಂಬರ್ ಕಳೆದುಕೊಂಡ ಉಳಿಕೆ ಅಂಥ ಕೆಲಸಕ್ಕೆ ಮತ್ತೆ ಬರುವುದಿಲ್ಲ.

ಮುಂದಿನ ಕೆಲಸದ ಪ್ಲಾನ್ ಬರೆಯುವಾಗ ಹೊಸ ಬಾರಿಗಿಂತ ಮೊದಲ ಸಾಲಿನಲ್ಲಿ ಈ ಉಳಿಕೆ ಬರಬೇಕು, ಒಂದೇ ಇದೆ ಎಂಬ ಮಿತಿಯೊಂದಿಗೆ. ಒಂದು ತುದಿ ಆಗಲೇ ಶುದ್ಧವಾಗಿರುವುದರಿಂದ ಅಲ್ಲಿ 10 ಕಳೆಯಬೇಕಾಗಿಲ್ಲ. ಬಾರ್ 6ರಲ್ಲಿ ಲೆಕ್ಕದಂತೆ ಬರಬೇಕಾದದ್ದು 3287, ಅಳೆದಾಗ 3288. ಅದರ ಮೇಲೆ ಬರೆದದ್ದು: 40×40×2, 3288, ಎಡತುದಿ ಕಟ್ ಆಗಿದೆ.